ಸೇವೆಯ ನಡುವೆ ಮತ್ತೆ ತರಗತಿಗೆ: ಹಿರಿಯ ಅಧಿಕಾರಿಗಳಿಗೂ ರಾಜತಾಂತ್ರಿಕರಿಗೂ ತರಬೇತಿ ಏಕೆ, ಹೇಗೆ?

ಜಿಲ್ಲಾಧಿಕಾರಿಯಾಗಿ ಕೆಲಸ ಮಾಡಿದವರೊಬ್ಬರು ಕೆಲವು ವರ್ಷಗಳ ನಂತರ ದೆಹಲಿಯ ಯಾವುದಾದರೂ ಸಚಿವಾಲಯದಲ್ಲಿ ಜಂಟಿ ಕಾರ್ಯದರ್ಶಿಯಾಗಿ ಅಧಿಕಾರ ವಹಿಸಿಕೊಂಡಾಗ, ಹೊರಗಿನವರಿಗೆ ಅದು ಬರೀ ಒಂದು ಬಡ್ತಿಯಾಗಿ ಕಾಣುತ್ತದೆ. ಆ ಕುರ್ಚಿಯಲ್ಲಿ ಕೂತವರಿಗೆ ಮೊದಲ ತಿಂಗಳಲ್ಲೇ ಗೊತ್ತಾಗುವ ಸಂಗತಿ ಬೇರೆ. ಜಿಲ್ಲೆಯಲ್ಲಿ ಕೆರೆಯ ಏರಿ ಒಡೆದರೆ ತಹಶೀಲ್ದಾರರಿಗೆ ಫೋನ್ ಮಾಡಬಹುದು, ಮರಳಿನ ಚೀಲ ತರಿಸಬಹುದು, ಸಂಜೆಯ ಹೊತ್ತಿಗೆ ನೀರು ನಿಂತಿತೋ ಇಲ್ಲವೋ ಎಂದು ಸ್ವತಃ ಹೋಗಿ ನೋಡಬಹುದು. ದೆಹಲಿಯ ಕುರ್ಚಿಗೆ ಅಂಥ ಸಂಜೆ ಬರುವುದಿಲ್ಲ. ಅಲ್ಲಿ ಬರೆದ ಒಂದು ಟಿಪ್ಪಣಿ ಹಣಕಾಸು ಇಲಾಖೆ, ಕಾನೂನು ಇಲಾಖೆ, ಸಚಿವರ ಕಚೇರಿ, ಸಂಪುಟ ಎಂದು ಸುತ್ತಿ, 28 ರಾಜ್ಯಗಳಲ್ಲಿ 28 ಬಗೆಯಾಗಿ ಜಾರಿಗೆ ಬಂದು, ಅದರ ಫಲ ಕಣ್ಣಿಗೆ ಕಾಣುವ ಹೊತ್ತಿಗೆ ಬರೆದವರು ಇನ್ನಾವುದೋ ಇಲಾಖೆಯಲ್ಲಿರುತ್ತಾರೆ. ಆಜ್ಞೆ ಮಾಡಿ ಕೆಲಸ ಮಾಡಿಸುವುದರಲ್ಲಿ ಪಳಗಿದವರು, ಆಜ್ಞೆ ನಡೆಯದ ಕಡೆ ಒಪ್ಪಿಗೆ ಗಳಿಸಿ ಕೆಲಸ ಮಾಡಬೇಕಾದ ಸ್ಥಿತಿ ಅದು.

ವಿದೇಶಾಂಗ ಸೇವೆಯಲ್ಲಿಯೂ ಇದೇ ತಿರುವು ಬರುತ್ತದೆ. ತೃತೀಯ ಕಾರ್ಯದರ್ಶಿಯಾಗಿ ಮೊದಲ ಬಾರಿ ಹೊರದೇಶಕ್ಕೆ ಹೋದ ಯುವ ಅಧಿಕಾರಿ ತನಗೆ ಗೊತ್ತುಪಡಿಸಿದ ವಿದೇಶಿ ಭಾಷೆಯನ್ನು ಕಲಿತು ಪರೀಕ್ಷೆ ಪಾಸು ಮಾಡುತ್ತಾರೆ, ಪಾಸ್‌ಪೋರ್ಟ್ ಮತ್ತು ವೀಸಾದ ಕೆಲಸ ನೋಡಿಕೊಳ್ಳುತ್ತಾರೆ, ಅಲ್ಲಿನ ಪತ್ರಿಕೆಗಳನ್ನು ಓದಿ ದೆಹಲಿಗೆ ವರದಿ ಬರೆಯುತ್ತಾರೆ. ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಅದೇ ವ್ಯಕ್ತಿ ರಾಯಭಾರಿಯಾಗಿ, ಇತರರು ಬರೆದ ವರದಿಗಳಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ತಡೆಹಿಡಿಯಬೇಕು ಎಂದು ನಿರ್ಧರಿಸಬೇಕು. ಕಚ್ಚಾ ತೈಲದ ದರ, ಔಷಧಗಳ ಪೇಟೆಂಟ್, ಸಮುದ್ರದಡಿಯ ಕೇಬಲ್, ಹವಾಮಾನ ಒಪ್ಪಂದದ ಒಂದು ಉಪವಾಕ್ಯ ಇವೆಲ್ಲ ಒಂದೇ ವಾರದಲ್ಲಿ ಅವರ ಮೇಜಿಗೆ ಬರಬಹುದು. ಇವುಗಳಲ್ಲಿ ಹಲವು ವಿಷಯಗಳು ಅವರು ಸೇವೆಗೆ ಸೇರಿದ ವರ್ಷ ಯಾವ ಪಠ್ಯದಲ್ಲಿಯೂ ಇರಲಿಲ್ಲ.

ಹೊಸ ವಿಷಯಗಳನ್ನು ಓದಿ ತಿಳಿದುಕೊಳ್ಳಬಹುದು. ನನ್ನ ದೃಷ್ಟಿಯಲ್ಲಿ ಹೆಚ್ಚು ಕಷ್ಟದ್ದು ಹಳೆಯ ಅನುಭವ ತಂದೊಡ್ಡುವ ಆತ್ಮವಿಶ್ವಾಸ. ಹದಿನೈದು ವರ್ಷ ತಪ್ಪಿಲ್ಲದೆ ಕೆಲಸ ಮಾಡಿದವರ ಮನಸ್ಸು ಯಾವ ಸಮಸ್ಯೆ ಬಂದರೂ 'ಇದನ್ನು ನಾನು ನೋಡಿದ್ದೇನೆ' ಎಂದು ಥಟ್ಟನೆ ಗುರುತು ಹಿಡಿಯುತ್ತದೆ. ಹತ್ತರಲ್ಲಿ ಎಂಟು ಸಲ ಆ ಗುರುತು ಸರಿಯಾಗಿಯೇ ಇರುತ್ತದೆ. ಉಳಿದ ಎರಡು ಸಲ ಆಗುವ ತಪ್ಪು ಅಧಿಕಾರಿ ಮೇಲೇರಿದಷ್ಟೂ ದೊಡ್ಡದಾಗುತ್ತದೆ, ಅದನ್ನು ಎದುರಿಗೆ ಹೇಳುವವರೂ ಕಡಿಮೆಯಾಗುತ್ತಾರೆ. ಸೇವೆಯ ನಡುವೆ ಹಿರಿಯರನ್ನು ಮತ್ತೆ ತರಗತಿಗೆ ಕರೆಯುವುದರ ನಿಜವಾದ ಉದ್ದೇಶ ಈ ಗುರುತು ಹಿಡಿಯುವ ಅಭ್ಯಾಸವನ್ನು ಸ್ವಲ್ಪ ನಿಧಾನಗೊಳಿಸುವುದು. ಹೊಸ ಮಾಹಿತಿ ಕೊಡುವುದು ಅದರ ಸಣ್ಣ ಭಾಗ ಮಾತ್ರ.

ನಮ್ಮ ದೇಶದಲ್ಲಿ ಈ ಅರಿವು ತಡವಾಗಿ ಬಂತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1947ರ ಏಪ್ರಿಲ್ 21ರಂದು ಸರ್ದಾರ್ ಪಟೇಲರು ದೆಹಲಿಯ ಮೆಟ್‌ಕಾಫ್ ಹೌಸ್‌ನಲ್ಲಿ ಹೊಸ ಆಡಳಿತ ಸೇವೆಯ ತರಬೇತಿ ಅಧಿಕಾರಿಗಳನ್ನು ಉದ್ದೇಶಿಸಿ ಮಾತನಾಡಿದಾಗ, ತರಬೇತಿ ಎಂದರೆ ಸೇವೆಗೆ ಸೇರುವಾಗ ಒಮ್ಮೆ ಪಡೆಯುವಂಥದ್ದು ಎಂಬುದೇ ಸಾಮಾನ್ಯ ತಿಳಿವಳಿಕೆಯಾಗಿತ್ತು. 1959ರಲ್ಲಿ ಮಸ್ಸೂರಿಯ ಹಳೆಯ ಶಾರ್ಲ್‌ವಿಲ್ ಹೋಟೆಲಿನ ಆವರಣದಲ್ಲಿ ರಾಷ್ಟ್ರೀಯ ಆಡಳಿತ ಅಕಾಡೆಮಿ ಶುರುವಾದದ್ದೂ ಮುಖ್ಯವಾಗಿ ಹೊಸಬರಿಗಾಗಿ. ಮುಂದೆ ಲಾಲ್ ಬಹದ್ದೂರ್ ಶಾಸ್ತ್ರಿಯವರ ಹೆಸರು ಪಡೆದದ್ದು ಇದೇ ಸಂಸ್ಥೆ. ಈ ನಡುವೆ ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಮ್ಯಾಕ್ಸ್‌ವೆಲ್ ಶಾಲೆಯ ಡೀನ್ ಪಾಲ್ ಆಪಲ್‌ಬಿ ಭಾರತದ ಆಡಳಿತವನ್ನು ಅಧ್ಯಯನ ಮಾಡಿ 1953ರಲ್ಲಿ ವರದಿ ಕೊಟ್ಟರು. ಅದರ ಫಲವಾಗಿ ಮರುವರ್ಷವೇ ದೆಹಲಿಯಲ್ಲಿ ಭಾರತೀಯ ಸಾರ್ವಜನಿಕ ಆಡಳಿತ ಸಂಸ್ಥೆ ಸ್ಥಾಪನೆಯಾಯಿತು. 1975ರಿಂದ ಆ ಸಂಸ್ಥೆ ಸೇವೆಯಲ್ಲಿರುವ ಅಧಿಕಾರಿಗಳಿಗೆ ಹತ್ತು ತಿಂಗಳ ಉನ್ನತ ಕಾರ್ಯಕ್ರಮವೊಂದನ್ನು ನಡೆಸುತ್ತ ಬಂದಿದೆ. ಆದರೆ ಅದಕ್ಕೆ ಹೋಗುವವರು ಕೆಲವರೇ. ಹೆಚ್ಚಿನವರ ಪಾಲಿಗೆ ಸೇವಾಮಧ್ಯದ ತರಬೇತಿ ಎಂದರೆ ವರ್ಷಕ್ಕೊಂದು ವಾರ ಎಲ್ಲೋ ಹೋಗಿ ಉಪನ್ಯಾಸ ಕೇಳಿ ಪ್ರಮಾಣಪತ್ರ ತರುವುದಾಗಿತ್ತು.

ಈ ಸ್ಥಿತಿಯನ್ನು ಬದಲಿಸಿದ್ದು ಬಿ.ಎನ್. ಯುಗಂಧರ್ ಅವರ ಅಧ್ಯಕ್ಷತೆಯ ಸಮಿತಿ. ಮಸ್ಸೂರಿ ಅಕಾಡೆಮಿಯ ನಿರ್ದೇಶಕರಾಗಿದ್ದ ಅವರು 2003ರಲ್ಲಿ ನೀಡಿದ ವರದಿಯ ತಿರುಳು ಸರಳವಾಗಿತ್ತು: ಅಧಿಕಾರಿಯ ಕೆಲಸದ ಸ್ವರೂಪ ಬದಲಾಗುವ ಘಟ್ಟಗಳನ್ನು ಗುರುತಿಸಿ, ಆ ಘಟ್ಟಗಳಲ್ಲಿ ಇಡೀ ಬ್ಯಾಚನ್ನು ಕಡ್ಡಾಯವಾಗಿ ತರಬೇತಿಗೆ ಕರೆಯಬೇಕು. 2007ರಿಂದ ಅದು ಜಾರಿಗೆ ಬಂತು. ಸೇವೆಗೆ ಸೇರಿದಾಗಿನ ಎರಡು ಹಂತಗಳ ನಂತರ, ಏಳರಿಂದ ಒಂಬತ್ತನೆಯ ವರ್ಷದಲ್ಲಿ ಮೂರನೆಯ ಹಂತ, ಹದಿನಾಲ್ಕರಿಂದ ಹದಿನಾರನೆಯ ವರ್ಷದಲ್ಲಿ ನಾಲ್ಕನೆಯದು, ಇಪ್ಪತ್ತಾರರಿಂದ ಇಪ್ಪತ್ತೆಂಟನೆಯ ವರ್ಷದಲ್ಲಿ ಐದನೆಯದು ಎಂದು ಗೊತ್ತುಮಾಡಲಾಯಿತು. ಸ್ಥೂಲವಾಗಿ ಹೇಳುವುದಾದರೆ ಮೂರನೆಯ ಹಂತ ಯೋಜನೆಗಳನ್ನು ಜಾರಿಗೆ ತರುವ ಬಗೆಗೆ, ನಾಲ್ಕನೆಯದು ನೀತಿ ರೂಪಿಸುವ ಬಗೆಗೆ, ಐದನೆಯದು ಇಡೀ ವ್ಯವಸ್ಥೆಯನ್ನು ಮುನ್ನಡೆಸುವ ಬಗೆಗೆ ಒತ್ತು ಕೊಡುತ್ತದೆ. ಅಧಿಕಾರಿಗಳು ಮಾತಿನಲ್ಲಿ 'ಫೇಸ್ ತ್ರೀ ಮುಗಿಯಿತೇ, ಫೇಸ್ ಫೋರ್‌ಗೆ ಹೋಗುತ್ತಿದ್ದೀರಾ' ಎಂದು ಕೇಳಿಕೊಳ್ಳುವುದು ಇದನ್ನೇ.

ಇದಕ್ಕೆ ಬಲ ತಂದದ್ದು ವೇತನ ನಿಯಮ. ಮುಂದಿನ ವೇತನ ಶ್ರೇಣಿಗೆ ಏರಬೇಕಾದರೆ ಆಯಾ ಹಂತದ ತರಬೇತಿ ಮುಗಿಸಿರಬೇಕು ಎಂದು ನಿಯಮ ಮಾಡಿದ ಮೇಲೆ, 'ಇಲಾಖೆಯಲ್ಲಿ ಕೆಲಸ ಜಾಸ್ತಿ, ಈ ವರ್ಷ ಬಿಡಿ' ಎಂಬ ಮಾತು ಕಡಿಮೆಯಾಯಿತು. ಕರ್ನಾಟಕದ ಮಾಜಿ ಮುಖ್ಯಮಂತ್ರಿ ವೀರಪ್ಪ ಮೊಯಿಲಿಯವರ ಅಧ್ಯಕ್ಷತೆಯಲ್ಲಿ ಕೆಲಸ ಮಾಡಿದ ಎರಡನೆಯ ಆಡಳಿತ ಸುಧಾರಣಾ ಆಯೋಗ 2008ರಲ್ಲಿ ಸಲ್ಲಿಸಿದ ಹತ್ತನೆಯ ವರದಿಯಲ್ಲಿ ಇದನ್ನು ಇನ್ನಷ್ಟು ವಿಸ್ತರಿಸಿ, ಪ್ರತಿಯೊಬ್ಬ ಸರ್ಕಾರಿ ನೌಕರನಿಗೂ ಸೇವೆಯುದ್ದಕ್ಕೂ ಕಾಲಕಾಲಕ್ಕೆ ತರಬೇತಿ ಕಡ್ಡಾಯವಾಗಬೇಕು, ಅದನ್ನು ಯಶಸ್ವಿಯಾಗಿ ಪೂರೈಸುವುದು ಬಡ್ತಿಗೆ ಕನಿಷ್ಠ ಷರತ್ತಾಗಬೇಕು ಎಂದು ಶಿಫಾರಸು ಮಾಡಿತು. 2012ರ ರಾಷ್ಟ್ರೀಯ ತರಬೇತಿ ನೀತಿ ಪ್ರತಿ ಇಲಾಖೆಯೂ ತನ್ನ ವೇತನ ವೆಚ್ಚದ ಶೇ 2.5ರಷ್ಟನ್ನು ತರಬೇತಿಗೆ ಮೀಸಲಿಡಬೇಕು ಎಂದಿತು.

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಕೂಡ ಈ ಕಥೆಯ ಭಾಗ. ಸಿಬ್ಬಂದಿ ಮತ್ತು ತರಬೇತಿ ಇಲಾಖೆಯ ಜೊತೆ ಸೇರಿ ಅದು 2002ರಲ್ಲಿ ಸೇವೆಯಲ್ಲಿರುವ ಅಧಿಕಾರಿಗಳಿಗಾಗಿಯೇ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಕಾರ್ಯಕ್ರಮವನ್ನು ಆರಂಭಿಸಿತು. ಅದಕ್ಕೆ ಒತ್ತಾಸೆಯಾದ ವಿದೇಶಿ ಸಂಸ್ಥೆ ಆಪಲ್‌ಬಿ ಡೀನ್ ಆಗಿದ್ದ ಅದೇ ಮ್ಯಾಕ್ಸ್‌ವೆಲ್ ಶಾಲೆ ಎಂಬುದು ಗಮನಿಸಬೇಕಾದ ಸಂಗತಿ. ಆಡಳಿತವನ್ನು ಕಾನೂನಿನ ಕಣ್ಣಿನಿಂದ ಮಾತ್ರ ನೋಡುತ್ತಿದ್ದ ನಮ್ಮ ಅಧಿಕಾರಿ ವರ್ಗ, ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರದ ಸಲಕರಣೆಗಳನ್ನು ಕ್ರಮಬದ್ಧವಾಗಿ ಕೈಗೆತ್ತಿಕೊಂಡ ಕಾಲ ಅದು.

ಇನ್ನು ತರಗತಿಯೊಳಗೆ ಏನು ನಡೆಯುತ್ತದೆ? ಇಪ್ಪತ್ತು ವರ್ಷ ಸೇವೆ ಮಾಡಿದವರ ಮುಂದೆ ನಿಂತು ಉಪನ್ಯಾಸ ಕೊಡುವುದು ಕಷ್ಟ. ಅರ್ಧ ಗಂಟೆಯಲ್ಲಿ ಒಬ್ಬರು ಫೋನ್ ನೋಡುತ್ತಿರುತ್ತಾರೆ, ಇನ್ನೊಬ್ಬರು 'ನಮ್ಮ ರಾಜ್ಯದಲ್ಲಿ ಹಾಗಿಲ್ಲ' ಎಂದು ಶುರುಮಾಡಿರುತ್ತಾರೆ. ಆದ್ದರಿಂದ ಇಂಥ ತರಬೇತಿಯ ಬೆನ್ನೆಲುಬು ಪ್ರಕರಣ ಅಧ್ಯಯನ. ಹದಿನೈದಿಪ್ಪತ್ತು ಪುಟಗಳಲ್ಲಿ ನಿಜವಾಗಿ ನಡೆದ ಒಂದು ಸಂದರ್ಭವನ್ನು, ನಿರ್ಧಾರ ತೆಗೆದುಕೊಳ್ಳಬೇಕಾದ ಕ್ಷಣದವರೆಗೆ ಮಾತ್ರ ತಂದು ನಿಲ್ಲಿಸಿರುತ್ತಾರೆ. ಮುಂದೇನಾಯಿತು ಎಂಬುದು ಅದರಲ್ಲಿ ಇರುವುದಿಲ್ಲ. ಹಿಂದಿನ ರಾತ್ರಿ ಅದನ್ನು ಓದಿಕೊಂಡು ಬಂದವರು ತರಗತಿಯಲ್ಲಿ 'ನೀವು ಆ ಕುರ್ಚಿಯಲ್ಲಿದ್ದರೆ ಏನು ಮಾಡುತ್ತಿದ್ದಿರಿ' ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು, ಕೊಟ್ಟ ಉತ್ತರವನ್ನು ಸಹಪಾಠಿಗಳ ಮುಂದೆ ಸಮರ್ಥಿಸಿಕೊಳ್ಳಬೇಕು.

ಒಂದು ಪ್ರಸಿದ್ಧ ಪ್ರಕರಣವನ್ನು ಹತ್ತಿರದಿಂದ ನೋಡೋಣ. 1976ರ ಫೆಬ್ರವರಿಯಲ್ಲಿ ಅಮೆರಿಕದ ನ್ಯೂಜೆರ್ಸಿಯ ಫೋರ್ಟ್ ಡಿಕ್ಸ್ ಸೇನಾ ಶಿಬಿರದಲ್ಲಿ ಒಬ್ಬ ಯುವ ಸೈನಿಕ ಜ್ವರದಿಂದ ಸತ್ತ. ಪರೀಕ್ಷಿಸಿದಾಗ ಅದು ಹಂದಿಜ್ವರದ ವೈರಸ್ ಎಂದು ತಿಳಿಯಿತು. ತಜ್ಞರ ಮನಸ್ಸು ತಕ್ಷಣ 1918ಕ್ಕೆ ಹೋಯಿತು. ಕೋಟ್ಯಂತರ ಜನರನ್ನು ಬಲಿ ತೆಗೆದುಕೊಂಡ ಆ ಮಹಾಮಾರಿಗೂ ಇದಕ್ಕೂ ನಂಟಿದೆ ಎಂಬ ಒಂದೇ ಹೋಲಿಕೆ ಎಲ್ಲ ಚರ್ಚೆಯನ್ನೂ ಆವರಿಸಿತು. ಮಾರ್ಚ್ 24ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ದೇಶದ ಪ್ರತಿಯೊಬ್ಬರಿಗೂ ಲಸಿಕೆ ಹಾಕಿಸುವುದಾಗಿ ಘೋಷಿಸಿದರು. ಅಕ್ಟೋಬರ್‌ನಲ್ಲಿ ಲಸಿಕೆ ಶುರುವಾಗಿ 4 ಕೋಟಿಗೂ ಹೆಚ್ಚು ಜನರಿಗೆ ಹಾಕಲಾಯಿತು. ಅಷ್ಟರಲ್ಲಿ ಲಸಿಕೆ ಪಡೆದ ಕೆಲವರಲ್ಲಿ ಗಿಯನ್ ಬಾರೆ ಎಂಬ ನರಸಂಬಂಧಿ ಕಾಯಿಲೆ ಕಾಣಿಸಿಕೊಂಡು, ಡಿಸೆಂಬರ್‌ನಲ್ಲಿ ಕಾರ್ಯಕ್ರಮವನ್ನೇ ನಿಲ್ಲಿಸಬೇಕಾಯಿತು. ಎಲ್ಲರೂ ಹೆದರಿದ್ದ ಮಹಾಮಾರಿ ಬರಲೇ ಇಲ್ಲ.

ಮುಂದಿನ ಸರ್ಕಾರದಲ್ಲಿ ಆರೋಗ್ಯ ಖಾತೆಯ ಹೊಣೆ ಹೊತ್ತಿದ್ದ ಜೋಸೆಫ್ ಕ್ಯಾಲಿಫಾನೊ ಇದರಿಂದ ಕಲಿಯುವುದೇನಿದೆ ಎಂದು ತಿಳಿಯಲು ಹಾರ್ವರ್ಡ್‌ನ ರಿಚರ್ಡ್ ನ್ಯೂಸ್ಟಾಟ್ ಮತ್ತು ಹಾರ್ವಿ ಫೈನ್‌ಬರ್ಗ್ ಅವರಿಂದ ಅಧ್ಯಯನ ಮಾಡಿಸಿದರು. ನ್ಯೂಸ್ಟಾಟ್ ಮುಂದೆ ಇತಿಹಾಸಕಾರ ಅರ್ನೆಸ್ಟ್ ಮೇ ಜೊತೆಗೂಡಿ, ಸೇವೆಯಲ್ಲಿರುವ ಹಿರಿಯ ಅಧಿಕಾರಿಗಳಿಗೆ ಇತಿಹಾಸವನ್ನು ಬಳಸುವುದು ಹೇಗೆ ಎಂದೇ ಪಾಠ ಮಾಡುತ್ತಿದ್ದರು. ಅವರು ಕಲಿಸಿದ ಉಪಾಯ ನೋಡಲು ಮಗುವಿನ ಆಟದಂತಿದೆ. ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ. ಮೊದಲನೆಯದರಲ್ಲಿ ಖಚಿತವಾಗಿ ಗೊತ್ತಿರುವುದು, ಎರಡನೆಯದರಲ್ಲಿ ಸ್ಪಷ್ಟವಿಲ್ಲದ್ದು, ಮೂರನೆಯದರಲ್ಲಿ ನಾವು ಸುಮ್ಮನೆ ಇರಬಹುದೆಂದು ಭಾವಿಸಿಕೊಂಡಿರುವುದು. ನಂತರ ನಿಮಗೆ ನೆನಪಾದ ಹಳೆಯ ಘಟನೆಯನ್ನು ಪಕ್ಕಕ್ಕಿಟ್ಟು ಹೋಲಿಕೆಗಳನ್ನೂ ವ್ಯತ್ಯಾಸಗಳನ್ನೂ ಬೇರೆಬೇರೆಯಾಗಿ ಬರೆಯಿರಿ. 1976ರ ಪ್ರಕರಣವನ್ನು ಹೀಗೆ ಬರೆದರೆ ಮೊದಲ ಅಂಕಣದಲ್ಲಿ ಉಳಿಯುವುದು ಬಹಳ ಸ್ವಲ್ಪ: ಒಂದು ಶಿಬಿರ, ಒಂದು ಸಾವು, ಒಂದು ವೈರಸ್. ವೈರಸ್ ಶಿಬಿರದ ಹೊರಗೆ ಹರಡೀತು ಎಂಬುದು, ಹರಡಿದರೆ 1918ರಷ್ಟೇ ಮಾರಕವಾದೀತು ಎಂಬುದು, ಎರಡೂ ಮೂರನೆಯ ಅಂಕಣಕ್ಕೆ ಸೇರಿದವು.

ಆ ಪ್ರಕರಣದಲ್ಲಿ ಇನ್ನೊಂದು ಸಣ್ಣ ಘಟನೆಯಿದೆ. ಲಸಿಕೆಯ ನಿರ್ಧಾರ ಆಗುತ್ತಿದ್ದಾಗ ಸಲಹಾ ಸಮಿತಿಯ ಸದಸ್ಯ, ಸಾರ್ವಜನಿಕ ಆರೋಗ್ಯದ ಪ್ರಾಧ್ಯಾಪಕ ರಸೆಲ್ ಅಲೆಕ್ಸಾಂಡರ್ ಒಂದು ಪ್ರಶ್ನೆ ಎತ್ತಿದ್ದರು: ಯಾವ ಹೊಸ ಮಾಹಿತಿ ಬಂದರೆ ನಾವು ಈ ನಿರ್ಧಾರವನ್ನು ಬದಲಿಸುತ್ತೇವೆ? ಆ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಲಸಿಕೆಯನ್ನು ತಯಾರಿಸಿಟ್ಟುಕೊಂಡು, ಕಾಯಿಲೆ ಹರಡುವ ಸೂಚನೆ ಸಿಕ್ಕ ಮೇಲೆ ಹಾಕುವ ದಾರಿ ಕಾಣುತ್ತಿತ್ತು. ಹಿರಿಯ ಅಧಿಕಾರಿಯೊಬ್ಬರು ಇಡೀ ತರಬೇತಿಯಿಂದ ಈ ಒಂದೇ ಪ್ರಶ್ನೆಯನ್ನು ಹೊತ್ತುಕೊಂಡು ಕಚೇರಿಗೆ ಮರಳಿ, ತಮ್ಮ ಮುಂದೆ ಬರುವ ಪ್ರತಿ ದೊಡ್ಡ ಕಡತದ ಅಂಚಿನಲ್ಲಿ ಅದನ್ನು ಬರೆದಿಟ್ಟುಕೊಂಡರೂ ಆ ತರಬೇತಿಗೆ ಮಾಡಿದ ವೆಚ್ಚ ಸಾರ್ಥಕ ಎಂದು ನಾನು ಮನಃಪೂರ್ವಕವಾಗಿ ನಂಬುತ್ತೇನೆ.

ರಾಜತಾಂತ್ರಿಕರ ತರಬೇತಿಯಲ್ಲಿ ಇಂಥದೇ ಸ್ಥಾನ ಸಂಧಾನದ ಅಭ್ಯಾಸಕ್ಕಿದೆ. ಸಂಧಾನ ಎಂದರೆ ಚೌಕಾಶಿ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಒಬ್ಬರು ನೂರು ಎನ್ನುತ್ತಾರೆ, ಇನ್ನೊಬ್ಬರು ಐವತ್ತು ಎನ್ನುತ್ತಾರೆ, ಎಪ್ಪತ್ತೈದಕ್ಕೆ ಮುಗಿಯುತ್ತದೆ. ನೆಲ, ನೀರು, ಭದ್ರತೆಯ ಪ್ರಶ್ನೆಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. 1967ರ ಯುದ್ಧದಲ್ಲಿ ಇಸ್ರೇಲ್ ಈಜಿಪ್ಟಿನ ಸಿನಾಯ್ ಪರ್ಯಾಯ ದ್ವೀಪವನ್ನು ವಶಪಡಿಸಿಕೊಂಡಿತ್ತು. ಇಡೀ ಸಿನಾಯ್ ಮರಳಿ ಬೇಕು ಎಂದು ಈಜಿಪ್ಟ್, ಒಂದಷ್ಟನ್ನಾದರೂ ಇಟ್ಟುಕೊಳ್ಳುತ್ತೇವೆ ಎಂದು ಇಸ್ರೇಲ್. ನಕ್ಷೆಯ ಮೇಲೆ ಎಲ್ಲಿ ಗೆರೆ ಎಳೆದರೂ ಒಬ್ಬರು ಒಪ್ಪುತ್ತಿರಲಿಲ್ಲ. ಇಬ್ಬರ ಬೇಡಿಕೆಯನ್ನು ಬದಿಗಿಟ್ಟು, ಆ ಬೇಡಿಕೆಯ ಹಿಂದಿನ ಚಿಂತೆ ಏನು ಎಂದು ಕೇಳಿದಾಗ ಚಿತ್ರ ಬದಲಾಯಿತು. ಈಜಿಪ್ಟಿನ ಚಿಂತೆ ತನ್ನ ನೆಲದ ಮೇಲಿನ ಸಾರ್ವಭೌಮತೆ, ಇಸ್ರೇಲಿನ ಚಿಂತೆ ಗಡಿಯ ಹತ್ತಿರ ನಿಲ್ಲುವ ಟ್ಯಾಂಕುಗಳು. ನೆಲವೆಲ್ಲ ಈಜಿಪ್ಟಿಗೆ, ಆದರೆ ಅದರ ದೊಡ್ಡ ಭಾಗದಲ್ಲಿ ಸೇನೆ ಇರಕೂಡದು ಎಂಬ ಏರ್ಪಾಡು ಇಬ್ಬರ ಚಿಂತೆಯನ್ನೂ ಕಳೆಯಿತು.

ಅದನ್ನು ಸಾಧಿಸಿದ ಕ್ರಮವೂ ಪಾಠವೇ. 1978ರ ಸೆಪ್ಟೆಂಬರ್ 5ರಿಂದ 17ರವರೆಗೆ ಅಮೆರಿಕ ಅಧ್ಯಕ್ಷರ ವಿಶ್ರಾಂತಿಧಾಮವಾದ ಕ್ಯಾಂಪ್ ಡೇವಿಡ್‌ನಲ್ಲಿ, ಮಧ್ಯಸ್ಥಿಕೆ ವಹಿಸಿದ್ದ ಅಮೆರಿಕದ ತಂಡ ಒಂದೇ ಕರಡನ್ನು ಇಟ್ಟುಕೊಂಡು ಕೆಲಸ ಮಾಡಿತು. 'ಇದನ್ನು ಒಪ್ಪುತ್ತೀರಾ' ಎಂದು ಯಾರನ್ನೂ ಕೇಳಲಿಲ್ಲ. 'ಇದರಲ್ಲಿ ಯಾವುದು ನಿಮಗೆ ನುಂಗಲಾರದ್ದು' ಎಂದು ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿ, ಕರಡನ್ನು ತಿದ್ದಿ, ಮತ್ತೆ ಕೇಳಿತು. ಹೀಗೆ 23 ಕರಡುಗಳಾದವು. ತರಬೇತಿಯಲ್ಲಿ ಈ ಕ್ರಮವನ್ನು ಓದಿ ತಿಳಿಯುವುದಕ್ಕಿಂತ ಆಡಿ ಕಲಿಯುವುದು ಹೆಚ್ಚು. ಅಧಿಕಾರಿಗಳನ್ನು ಎರಡು ಕಲ್ಪಿತ ದೇಶಗಳಾಗಿಯೋ, ಒಂದೇ ನದಿಯ ಮೇಲ್ದಂಡೆ ಕೆಳದಂಡೆಗಳ ರಾಜ್ಯಗಳಾಗಿಯೋ ವಿಂಗಡಿಸಿ, ಒಬ್ಬೊಬ್ಬರಿಗೂ ಗುಟ್ಟಿನ ಸೂಚನೆಗಳನ್ನು ಕೊಟ್ಟು ಕೂರಿಸುತ್ತಾರೆ. ಜಾಣ ತರಬೇತುದಾರರು ಕೆಳದಂಡೆಯ ರಾಜ್ಯದಿಂದ ಬಂದವರನ್ನು ಬೇಕೆಂದೇ ಮೇಲ್ದಂಡೆಯ ಪರ ಕೂರಿಸುತ್ತಾರೆ. ಕಾವೇರಿಯ ಕಥೆಯನ್ನು ಬಾಲ್ಯದಿಂದ ಒಂದೇ ದಡದಿಂದ ಕೇಳಿಕೊಂಡು ಬಂದವರಿಗೆ, ಎದುರು ದಡದ ವಾದವನ್ನು ತಮ್ಮದೇ ಬಾಯಿಂದ ಪ್ರಾಮಾಣಿಕವಾಗಿ ಮಂಡಿಸಬೇಕಾದ ಆ ಎರಡು ಗಂಟೆ ಎಷ್ಟು ಕಷ್ಟದ್ದೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಭಾರತದ ರಾಜತಾಂತ್ರಿಕರ ತರಬೇತಿಯ ಮನೆ ದೆಹಲಿಯಲ್ಲಿದೆ. 1986ರಲ್ಲಿ ವಿದೇಶಾಂಗ ಸೇವಾ ಸಂಸ್ಥೆ ಎಂದು ಸ್ಥಾಪನೆಯಾದ ಅದಕ್ಕೆ 2020ರಲ್ಲಿ ಸುಷ್ಮಾ ಸ್ವರಾಜ್ ಅವರ ಹೆಸರಿಡಲಾಯಿತು. ಹೊಸಬರ ತರಬೇತಿಯ ಜೊತೆಗೆ, ಸೇವೆಯ ನಡುವಿನ ಅಧಿಕಾರಿಗಳಿಗೆ ಅವರವರ ಶ್ರೇಣಿಗೆ ತಕ್ಕ ಬೇರೆ ಬೇರೆ ಹಂತದ ತರಬೇತಿಯೂ ಅದರ ಹೊಣೆ. 1992ರಿಂದ ಅದು ಹೊರದೇಶಗಳ ರಾಜತಾಂತ್ರಿಕರಿಗೂ ತರಬೇತಿ ಕೊಡುತ್ತಿದೆ. ಅಲ್ಲಿ ಕಲಿತು ಹೋದ ಆಫ್ರಿಕಾದ ಅಥವಾ ಮಧ್ಯ ಏಷ್ಯಾದ ಯುವ ಅಧಿಕಾರಿ ಮುಂದೆ ತನ್ನ ದೇಶದ ವಿದೇಶಾಂಗ ಕಚೇರಿಯಲ್ಲಿ ಮೇಲೆ ಬಂದಾಗ, ದೆಹಲಿಯ ದೂರವಾಣಿಗೆ ಓಗೊಡುವ ಪರಿಚಿತ ದನಿಯೊಂದು ಅಲ್ಲಿ ಇರುತ್ತದೆ. ಇದು ಪಠ್ಯಕ್ರಮದಲ್ಲಿ ಎಲ್ಲಿಯೂ ಬರೆದಿರದ, ಆದರೆ ಬಹಳ ಕಾಲ ಬಾಳುವ ಲಾಭ.

ನಮ್ಮ ವಿದೇಶಾಂಗ ಸೇವೆಯ ತರಬೇತಿಗೆ ವಿಶೇಷವಾದ ತೊಡಕೊಂದಿದೆ. ಇಷ್ಟು ದೊಡ್ಡ ದೇಶದ ಈ ಸೇವೆಯಲ್ಲಿ ಮುಖ್ಯ ಶ್ರೇಣಿಯ ಅಧಿಕಾರಿಗಳ ಸಂಖ್ಯೆ ಸಾವಿರದ ಆಸುಪಾಸಿನಲ್ಲಿದೆ. ಹಲವು ರಾಯಭಾರ ಕಚೇರಿಗಳಲ್ಲಿ ಇರುವವರೇ ಮೂರು ನಾಲ್ಕು ಮಂದಿ ಅಧಿಕಾರಿಗಳು. ಅವರಲ್ಲಿ ಒಬ್ಬರನ್ನು ಕೆಲವು ವಾರ ತರಬೇತಿಗೆ ಕರೆಸಿಕೊಂಡರೆ ಉಳಿದವರ ಮೇಲೆ ಹೊರೆ ಬೀಳುತ್ತದೆ. ಸೇನೆಯಲ್ಲಿ ಒಂದು ಪಾಲು ಅಧಿಕಾರಿಗಳು ಸದಾ ತರಬೇತಿಯಲ್ಲಿರುತ್ತಾರೆ ಎಂದು ಲೆಕ್ಕ ಹಾಕಿಯೇ ಹುದ್ದೆಗಳ ಸಂಖ್ಯೆಯನ್ನು ನಿಗದಿ ಮಾಡುವ ಕ್ರಮವಿದೆ. ನಾಗರಿಕ ಸೇವೆಗಳಲ್ಲಿ ಆ ಉದಾರತೆ ಬರುವವರೆಗೆ, ತರಬೇತಿ ಎಂಬುದು ಕೆಲಸದಿಂದ ಕದ್ದ ಸಮಯವಾಗಿಯೇ ಉಳಿಯುತ್ತದೆ.

ಸೇನೆಯವರ ಈ ಕ್ರಮದ ಉತ್ತಮ ರೂಪ ದೆಹಲಿಯ ತೀಸ್ ಜನವರಿ ಮಾರ್ಗದಲ್ಲಿರುವ ರಾಷ್ಟ್ರೀಯ ರಕ್ಷಣಾ ಕಾಲೇಜು. ಗಾಂಧೀಜಿ ಹತರಾದ ದಿನಾಂಕವನ್ನೇ ಹೆಸರಾಗಿ ಹೊತ್ತ ಆ ರಸ್ತೆಯಲ್ಲಿ, 1960ರ ಏಪ್ರಿಲ್ 27ರಂದು ನೆಹರೂ ಅದನ್ನು ಉದ್ಘಾಟಿಸಿದರು. ಲಂಡನ್ನಿನಲ್ಲಿ 1927ರಿಂದ ನಡೆಯುತ್ತಿದ್ದ ಇಂಪೀರಿಯಲ್ ಡಿಫೆನ್ಸ್ ಕಾಲೇಜು ಇದಕ್ಕೆ ಮಾದರಿ. ಇಲ್ಲಿನ ಕೋರ್ಸ್ 47 ವಾರಗಳದ್ದು. ಬ್ರಿಗೇಡಿಯರ್ ಮತ್ತು ಅದಕ್ಕೆ ಸಮನಾದ ನೌಕಾಪಡೆ, ವಾಯುಪಡೆಗಳ ಅಧಿಕಾರಿಗಳು, ಆಡಳಿತ, ಪೊಲೀಸ್, ವಿದೇಶಾಂಗ ಮುಂತಾದ ನಾಗರಿಕ ಸೇವೆಗಳ ಹಿರಿಯರು, ಜೊತೆಗೆ ಸ್ನೇಹದೇಶಗಳ ಅಧಿಕಾರಿಗಳು ವರ್ಷವಿಡೀ ಒಟ್ಟಿಗೆ ಓದುತ್ತಾರೆ. ದೇಶದ ಸಮಾಜ ಮತ್ತು ಆರ್ಥಿಕತೆಯಿಂದ ಆರಂಭವಾಗಿ, ಜಾಗತಿಕ ವಿದ್ಯಮಾನ, ನೆರೆಹೊರೆ, ಕೊನೆಗೆ ರಾಷ್ಟ್ರೀಯ ಭದ್ರತೆಯ ತಂತ್ರದವರೆಗೆ ವಿಷಯಗಳು ಒಂದರ ಮೇಲೊಂದು ಬೆಳೆಯುತ್ತವೆ. ಗಡಿ ಪ್ರದೇಶಗಳಿಗೂ ಹೊರದೇಶಗಳಿಗೂ ಅಧ್ಯಯನ ಪ್ರವಾಸವಿದೆ, ಪ್ರತಿಯೊಬ್ಬರೂ ಒಂದು ಪ್ರಬಂಧ ಬರೆಯಬೇಕು.

ಅಲ್ಲಿನ ಕಲಿಕೆಯ ಜೀವಾಳ ಸಣ್ಣ ಗುಂಪುಗಳು. ಬೇರೆ ಬೇರೆ ಸೇವೆಯವರನ್ನು ಬೆರೆಸಿ ಮಾಡಿದ ಗುಂಪಿಗೆ ಒಂದು ಸಮಸ್ಯೆ ಕೊಟ್ಟು, ಕೆಲವು ದಿನ ಚರ್ಚಿಸಿ ಎಲ್ಲರ ಮುಂದೆ ಮಂಡಿಸಲು ಹೇಳುತ್ತಾರೆ. ಗಡಿಯ ಹಳ್ಳಿಯೊಂದರ ರಸ್ತೆಯ ಬಗ್ಗೆ ಮಾತು ಬಂದರೆ ಬ್ರಿಗೇಡಿಯರ್ ಅದರ ಮೇಲೆ ಎಷ್ಟು ಟನ್ ಭಾರದ ವಾಹನ ಹೋಗಬಹುದು ಎಂದು ಕೇಳುತ್ತಾರೆ, ಆಡಳಿತ ಸೇವೆಯವರು ಭೂಸ್ವಾಧೀನದ ಪರಿಹಾರ ಕೊಟ್ಟಾಗಿದೆಯೇ ಎಂದು ಕೇಳುತ್ತಾರೆ, ವಿದೇಶಾಂಗ ಸೇವೆಯವರು ಆಚೆಬದಿಯವರು ಇದನ್ನು ಹೇಗೆ ಓದಿಕೊಳ್ಳುತ್ತಾರೆ ಎಂದು ಕೇಳುತ್ತಾರೆ. ಒಂದೇ ರಸ್ತೆ ಮೂರು ಕಣ್ಣಿಗೆ ಮೂರು ವಸ್ತುವಾಗಿ ಕಾಣುವುದನ್ನು ವಾರಗಟ್ಟಲೆ ಅನುಭವಿಸಿದವರು ಮುಂದೆ ತಮ್ಮ ಕಚೇರಿಯಲ್ಲಿ ಒಂದೇ ಕಣ್ಣಿನಿಂದ ಕಡತ ಓದುವುದು ಕಡಿಮೆಯಾಗುತ್ತದೆ. ನಾಲ್ಕು ದಿನದ ಕಾರ್ಯಾಗಾರದಲ್ಲಿ ಇದು ಆಗುವುದಿಲ್ಲ. ಮೊದಲ ತಿಂಗಳು ಎಲ್ಲರೂ ತಮ್ಮ ತಮ್ಮ ಸೇವೆಯ ವಕೀಲರಾಗಿಯೇ ಮಾತನಾಡುತ್ತಾರೆ. ಆ ಬಿಗಿ ಸಡಿಲವಾಗಲು ಕಾಲ ಬೇಕು.

ಇಂಥ ಒಡನಾಟದ ಬೆಲೆ ಬಿಕ್ಕಟ್ಟಿನಲ್ಲಿ ತಿಳಿಯುತ್ತದೆ. 2015ರಲ್ಲಿ ಯೆಮನ್‌ನಲ್ಲಿ ಯುದ್ಧ ಭುಗಿಲೆದ್ದಾಗ ನಡೆದ 'ಆಪರೇಷನ್ ರಾಹತ್'ನಲ್ಲಿ ನೌಕಾಪಡೆಯ ಹಡಗುಗಳು ಏಡನ್ ಮುಂತಾದ ಬಂದರುಗಳಿಂದ, ಏರ್ ಇಂಡಿಯಾದ ವಿಮಾನಗಳು ರಾಜಧಾನಿ ಸನಾದಿಂದ ಜನರನ್ನು ಸಮುದ್ರದಾಚೆಯ ಆಫ್ರಿಕಾದ ದೇಶ ಜಿಬೂಟಿಗೆ ತಂದವು. ಅಲ್ಲಿಂದ ವಾಯುಪಡೆಯ ದೊಡ್ಡ ವಿಮಾನಗಳು ಕೊಚ್ಚಿಗೂ ಮುಂಬೈಗೂ ಕರೆತಂದವು. 4,600ಕ್ಕೂ ಹೆಚ್ಚು ಭಾರತೀಯರ ಜೊತೆಗೆ 40ಕ್ಕೂ ಹೆಚ್ಚು ದೇಶಗಳ 900ಕ್ಕೂ ಮಿಕ್ಕ ಜನರನ್ನು ಹೊರತರಲಾಯಿತು. ಬಾಂಬು ಬೀಳುತ್ತಿದ್ದ ಆಕಾಶದಲ್ಲಿ ದಿನಕ್ಕೆ ಕೆಲವೇ ಗಂಟೆಗಳ ಅನುಮತಿ ಪಡೆಯುವುದು ರಾಜತಾಂತ್ರಿಕರ ಕೆಲಸ, ಆ ಗಂಟೆಗಳಲ್ಲಿ ವಿಮಾನ ಇಳಿಸಿ ಏರಿಸುವುದು ಚಾಲಕರ ಕೆಲಸ, ತಾಯ್ನಾಡಿನಲ್ಲಿ ಇಳಿದವರನ್ನು ಊರು ಸೇರಿಸುವುದು ರಾಜ್ಯ ಸರ್ಕಾರಗಳ ಕೆಲಸ. ಇವುಗಳಲ್ಲಿ ಒಂದು ಕೊಂಡಿ ತಪ್ಪಿದರೂ ಸರಪಳಿ ಕಳಚುತ್ತದೆ. ಆಚೆ ತುದಿಯಲ್ಲಿ ಫೋನ್ ಎತ್ತುವವರು ಹಿಂದೊಮ್ಮೆ ಒಂದೇ ಬೆಂಚಿನಲ್ಲಿ ಕೂತಿದ್ದವರಾದರೆ ಅಂಥ ದಿನ ಎಷ್ಟೋ ಸಮಯ ಉಳಿಯುತ್ತದೆ.

ಕೊರತೆಗಳನ್ನೂ ಹೇಳಬೇಕು. ಆರಂಭದ ವರ್ಷಗಳಲ್ಲಿ ವಿದೇಶದ ಕೆಲವು ದಿನಗಳನ್ನೂ ಒಳಗೊಂಡು ದೀರ್ಘವಾಗಿದ್ದ ಮಸ್ಸೂರಿಯ ಹಂತಗಳು ಬರಬರುತ್ತ ಗಿಡ್ಡವಾದವು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸಂಪುಟ ಒಪ್ಪಿದ 'ಮಿಷನ್ ಕರ್ಮಯೋಗಿ' ಸುಮಾರು 46 ಲಕ್ಷ ಕೇಂದ್ರ ನೌಕರರಿಗೆ ಆನ್‌ಲೈನ್ ಕಲಿಕೆಯನ್ನು ತಲುಪಿಸುವ ದೊಡ್ಡ ಯೋಜನೆ. ಅದಕ್ಕೆ ಐದು ವರ್ಷಕ್ಕೆ 510.86 ಕೋಟಿ ರೂಪಾಯಿ ಗೊತ್ತುಮಾಡಲಾಯಿತು. ಕೆಳಹಂತದ ನೌಕರನಿಗೂ ಕಲಿಯುವ ಅವಕಾಶ ಸಿಕ್ಕಿದ್ದು ಅದರ ಹಿರಿಮೆ. ಆದರೆ ಹಿರಿಯರ ವಿಷಯದಲ್ಲಿ ಪರದೆಯ ಮೇಲಿನ ಪಾಠ ಬೆಂಚಿನ ಒಡನಾಟಕ್ಕೆ ಬದಲಿಯಾಗಲಾರದು.

ಎಲ್ಲಕ್ಕಿಂತ ದೊಡ್ಡ ಕೊರತೆ ತರಬೇತಿಗೂ ನಂತರದ ಹುದ್ದೆಗೂ ಸಂಬಂಧವಿಲ್ಲದಿರುವುದು. ನೀರಾವರಿ ನೀತಿಯನ್ನು ತಿಂಗಳುಗಟ್ಟಲೆ ಓದಿ ಬಂದವರನ್ನು ಕ್ರೀಡಾ ಇಲಾಖೆಗೆ ಹಾಕಿದರೆ ಅವರು ಕಲಿತದ್ದು ವ್ಯರ್ಥವಾಗುತ್ತದೆ, ನೀರಾವರಿ ಇಲಾಖೆಗೂ ಅದು ದಕ್ಕುವುದಿಲ್ಲ. ತರಬೇತಿಯ ಕೊನೆಯ ದಿನ ತುಂಬಿಸುವ ಅಭಿಪ್ರಾಯದ ನಮೂನೆಯಲ್ಲಿ ಊಟ, ವಸತಿ, ಉಪನ್ಯಾಸಕರ ಬಗ್ಗೆ ಅಂಕಗಳಿರುತ್ತವೆ. ಎರಡು ವರ್ಷದ ನಂತರ ಆ ಅಧಿಕಾರಿ ಬರೆದ ಟಿಪ್ಪಣಿಯಲ್ಲಿ ಏನಾದರೂ ಬದಲಾಯಿತೇ ಎಂದು ಹಿಂದಿರುಗಿ ನೋಡುವ ಪರಿಪಾಠ ಬೆಳೆಯಬೇಕು.

ಮೈಸೂರಿನ ಲಲಿತಮಹಲ್ ರಸ್ತೆಯಲ್ಲಿರುವ ನಮ್ಮ ಆಡಳಿತ ತರಬೇತಿ ಸಂಸ್ಥೆಯನ್ನು ನೆನೆದಾಗ ಇನ್ನೊಂದು ಆಸೆ ಮೂಡುತ್ತದೆ. ರಾಜ್ಯದ ಕೆಎಎಸ್ ಅಧಿಕಾರಿಗಳು, ತಹಶೀಲ್ದಾರರು ಅಲ್ಲಿ ಕಲಿಯುತ್ತಾರೆ. ಅವರು ದಿನವಿಡೀ ಕಡತ ಬರೆಯುವುದು ಕನ್ನಡದಲ್ಲಿ. ಆದರೆ ಮೇಲೆ ಹೇಳಿದ ಮಟ್ಟದ ಪ್ರಕರಣ ಸಾಹಿತ್ಯ ಬಹುಪಾಲು ಇಂಗ್ಲಿಷಿನಲ್ಲಿದೆ, ಹೊರದೇಶಗಳದ್ದಾಗಿದೆ. ನಮ್ಮಲ್ಲಿ ಸರಕಿಲ್ಲವೇ? 'ಭೂಮಿ' ಯೋಜನೆಯೊಂದೇ ಸಾಕು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗ್ರಾಮಲೆಕ್ಕಿಗರ ಪುಸ್ತಕಗಳಿಂದ ಗಣಕಯಂತ್ರಕ್ಕೆ ತಂದ ಆ ಕೆಲಸವನ್ನು ಹೊರದೇಶಗಳವರೂ ಅಧ್ಯಯನ ಮಾಡಿದ್ದಾರೆ. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ನಿಂತ ರೈತನ ಕಡೆಗೂ ಒಂದು ಪರದೆಯನ್ನು ತಿರುಗಿಸಿಟ್ಟದ್ದು, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂದು ತಂತ್ರಾಂಶದಲ್ಲೇ ಕಟ್ಟುಹಾಕಿದ್ದು, ಸಿಬ್ಬಂದಿಯ ಬೆರಳಚ್ಚಿಲ್ಲದೆ ದಾಖಲೆ ತಿದ್ದಲಾಗದಂತೆ ಮಾಡಿದ್ದು ಇವೆಲ್ಲ ಯಾರೋ ಒಂದು ಮೇಜಿನ ಸುತ್ತ ಕೂತು, ಬೇರೆ ದಾರಿಗಳನ್ನು ಬಿಟ್ಟು, ತೆಗೆದುಕೊಂಡ ನಿರ್ಧಾರಗಳು.

ಆ ಪ್ರಕರಣವನ್ನು ಕನ್ನಡದಲ್ಲಿ ಬರೆಯುವವರು ಪುಸ್ತಕದ ಪಹಣಿಗೆ ಇನ್ನೂ ಕಾನೂನಿನ ಬೆಲೆ ಇದ್ದ ಕೊನೆಯ ವಾರದಲ್ಲಿ ಕಥೆಯನ್ನು ನಿಲ್ಲಿಸಬಹುದು. ಕಂಪ್ಯೂಟರಿಗೆ ಹಾಕಿದ ದಾಖಲೆಗಳಲ್ಲಿ ತಪ್ಪುಗಳಿವೆ ಎಂದು ಗೊತ್ತಿದೆ, ಎಷ್ಟಿವೆ ಎಂದು ಗೊತ್ತಿಲ್ಲ. ಬಿತ್ತನೆಯ ಸಾಲಕ್ಕಾಗಿ ರೈತರು ಸಾಲುಗಟ್ಟಿದ್ದಾರೆ. ಕೈಬರಹದ ಪಹಣಿಯನ್ನು ನಾಳೆಯಿಂದ ರದ್ದು ಮಾಡುವ ಆದೇಶಕ್ಕೆ ನೀವು ಸಹಿ ಹಾಕುತ್ತೀರಾ, ಹಾಕುವುದಾದರೆ ಯಾವ ಸಂಗತಿ ತಿಳಿದುಬಂದರೆ ಆ ಸಹಿಯನ್ನು ಹಿಂದಕ್ಕೆ ಪಡೆಯುತ್ತೀರಿ ಎಂಬ ಪ್ರಶ್ನೆಯನ್ನು, ಅದೇ ಕಿಟಕಿಯ ಹಿಂದೆ ಕೂತು ಬಂದ ಮೂವತ್ತು ತಹಶೀಲ್ದಾರರ ಮುಂದೆ ಇಡಬಹುದು.